ಮಗಳ ಮದುವೆ ರಿಜಿಸ್ಟ್ರಿಗೆ ಗ್ರೈಂಡರ್ ಸೇರಿಸಿದ ಕಥೆ

ಮಗಳು ಮದುವೆಗೆ ಗಿಫ್ಟ್ ರಿಜಿಸ್ಟ್ರಿ, ಅಂದರೆ ಬೇಕಾದ ಉಡುಗೊರೆಗಳ ಪಟ್ಟಿ, ಮಾಡುತ್ತೇನೆ ಎಂದಾಗ ನನಗೆ ಮುಜುಗರವಾಯಿತು. ಉಡುಗೊರೆಯನ್ನು ಯಾರಾದರೂ ಕೇಳಿ ತಗೊಳ್ತಾರಾ? ಆಮೇಲೆ ಊರಿನ ಮುಯ್ಯಿ ಪುಸ್ತಕ ನೆನಪಾಯಿತು. ಯಾರು ಎಷ್ಟು ಕೊಟ್ಟರು, ಯಾವ ಪಾತ್ರೆ ತಂದರು ಎಂದು ಮದುವೆ ಮನೆಯಲ್ಲೇ ಕೂತು ಬರೆಯುತ್ತಿದ್ದರು. ಹೊಸ ಸಂಸಾರಕ್ಕೆ ಎಲ್ಲರೂ ಕೈ ಜೋಡಿಸುವುದು ನಮಗೆ ಗೊತ್ತಿರುವ ವಿಷಯವೇ. ಅಮೆರಿಕದಲ್ಲಿ ಪಟ್ಟಿ ಮೊದಲು ಬರುತ್ತದೆ, ಅಷ್ಟೇ.

ಆದರೆ ಅವಳ ಪಟ್ಟಿಯಲ್ಲಿ ವೈನ್ ಗ್ಲಾಸು, ಕೇಕ್ ಸ್ಟ್ಯಾಂಡು ಇತ್ತು. ದೋಸೆ ಕಾವಲಿ ಇರಲಿಲ್ಲ. "ಅದೆಲ್ಲ ನೀನು ಊರಿಂದ ತರ್ತೀಯಲ್ಲಮ್ಮ" ಅಂದಳು.

ಆ ತಪ್ಪು ನಾನು ಮಾಡಿ ಆಗಿದೆ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಮಿಕ್ಸಿ ಹೊತ್ತು ತಂದೆ. ಅಲ್ಲಿನ ಕರೆಂಟು 230 ವೋಲ್ಟ್, ಇಲ್ಲಿ 120. ನೆನೆಸಿದ ಉದ್ದಿನಬೇಳೆ ಹಾಕಿದರೆ ಬ್ಲೇಡು ತಿರುಗಲೇ ಇಲ್ಲ. ಅದಕ್ಕೆ ವೋಲ್ಟೇಜ್ ಏರಿಸುವ ಕನ್ವರ್ಟರ್ ಒಂದನ್ನು ಕೊಂಡೆ. ಅದು ಮಿಕ್ಸಿಗಿಂತ ಭಾರ! ಈಗ ಇಲ್ಲಿನ ಕರೆಂಟಿಗೆ ಹೊಂದುವ, 110 ವೋಲ್ಟ್ ಎಂದು ಬರೆದಿರುವ ಮಿಕ್ಸಿ, ವೆಟ್ ಗ್ರೈಂಡರ್ ಎರಡೂ ಇಲ್ಲೇ ಸಿಗುತ್ತವೆ. ಧೈರ್ಯವಾಗಿ ಪಟ್ಟಿಗೆ ಹಾಕಿ. ಮುಂದೆ ಮಕ್ಕಳಾದಾಗ ವಾರಕ್ಕೊಮ್ಮೆ ಹಿಟ್ಟು ರುಬ್ಬಿಟ್ಟರೆ ಬೆಳಗಿನ ಅರ್ಧ ಚಿಂತೆ ಕಳೆಯಿತು.

ಇನ್ನೊಂದು ಮಾತು. ಪಾತ್ರೆ ಆರಿಸುವ ಮೊದಲು ಹೊಸ ಜೋಡಿಯ ಮನೆಯ ಒಲೆ ಯಾವುದು ಎಂದು ಕೇಳಿ. ಗ್ಲಾಸ್ ಟಾಪ್, ಅಂದರೆ ಗಾಜಿನ ಸಮತಟ್ಟು ಎಲೆಕ್ಟ್ರಿಕ್ ಒಲೆಯ ಮೇಲೆ ಗುಂಡು ತಳದ ಬಾಣಲೆ ಸರಿಯಾಗಿ ಕೂರುವುದಿಲ್ಲ. ಇಂಡಕ್ಷನ್ ಒಲೆಯಾದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿಕೊಂಡರೆ ಸಾಕು. ಎರಕದ ಕಬ್ಬಿಣದ ಚಪ್ಪಟೆ ಕಾವಲಿ ಎರಡಕ್ಕೂ ಆಗುತ್ತದೆ. ಲಾಡ್ಜ್ ಕಂಪನಿಯದು ಇಲ್ಲೇ ಟೆನೆಸಿಯಲ್ಲಿ ತಯಾರಾಗುತ್ತದೆ. ನಮ್ಮ ಮನೆಯಲ್ಲಿ ಅದರ ಮೇಲೇ ದೋಸೆ.

ಬೆಲೆ ಎಲ್ಲ ಥರದ್ದೂ ಇರಲಿ. ಈಗಷ್ಟೇ ಕೆಲಸಕ್ಕೆ ಸೇರಿದ ಗೆಳೆಯರಿಗೆ ಇಡ್ಲಿ ಸ್ಟ್ಯಾಂಡು, ಒಗ್ಗರಣೆ ಡಬ್ಬಿಯಂಥದ್ದು ಸಿಗಬೇಕು. ಇಲ್ಲದಿದ್ದರೆ ಪಾಪ, ಸಂಕೋಚ ಪಡುತ್ತಾರೆ. ಊರಿನ ನೆಂಟರಿಗೆ ಮಾತ್ರ ಪಟ್ಟಿಯ ಲಿಂಕ್ ಕಳಿಸಬೇಡಿ. ಅವರು ಮುಯ್ಯಿ ಮಾಡುತ್ತಾರೆ, ಆ ಪ್ರೀತಿ ಹಾಗೇ ಇರಲಿ.

ಕೊನೆಗೆ ಮಗಳ ಗ್ರೈಂಡರ್ ಕೊಡಿಸಿದ್ದು ಅವಳ ಆಫೀಸಿನ ನಾಲ್ವರು ಗೆಳತಿಯರು, ಸೇರಿ. ಒಬ್ಬಳು ನನಗೇ ಫೋನ್ ಮಾಡಿ, ಈ ಕಲ್ಲಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಮುಂದಿನ ಭಾನುವಾರ ನಾಲ್ವರಿಗೂ ಮಸಾಲೆ ದೋಸೆಗೆ ಬರಹೇಳಿದ್ದೇವೆ.