ಮ್ಯೂಸ್‌ಸ್ಕೋರ್: ಗೀತೆಯನ್ನು ಸ್ಟಾಫ್ ನೊಟೇಶನ್‌ಗೆ ಇಳಿಸುವಾಗ ಬೇಡದ ಕಡೆಯೆಲ್ಲ ರೆಸ್ಟ್ ಬರುತ್ತಿದೆ

ಪ್ರಶ್ನೆ: ಮಂದ್ರಪಂಚಮ

ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ಶೈಲಿಯ ವಯೊಲಿನ್ ಕಲಿಸುತ್ತೇನೆ. ಆನ್‌ಲೈನ್ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರು ಅಮೆರಿಕದಲ್ಲಿ ಬೆಳೆಯುತ್ತಿದ್ದು, ಶಾಲೆಯ ಆರ್ಕೆಸ್ಟ್ರಾದಲ್ಲಿಯೂ ನುಡಿಸುವುದರಿಂದ ಅವರಿಗೆ ನಮ್ಮ ಸ್ವರಲಿಪಿಗಿಂತ ಐದು ಗೆರೆಗಳ ಸ್ಟಾಫ್ ನೊಟೇಶನ್ ಓದುವುದೇ ಸಲೀಸು. ಅವರಿಗಾಗಿ ಆರಂಭದ ಗೀತೆಗಳನ್ನು ಸಂಗೀತ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್ 4ರಲ್ಲಿ ಬರೆದುಕೊಡುತ್ತಿದ್ದೇನೆ.

ಮೋಹನ ರಾಗ, ರೂಪಕ ತಾಳದ ‘ವರವೀಣಾ’ ಗೀತೆಯ ಮೊದಲ ಆವರ್ತನ (ತಾಳದ ಒಂದು ಸುತ್ತು) ನನ್ನ ಬಳಿಯಿರುವ ಪುಸ್ತಕದಲ್ಲಿ ‘ಗ ಗ | ಪ , ಪ , ||’ ಎಂದಿದೆ. ಆವರ್ತನಕ್ಕೆ ಆರು ಅಕ್ಷರಗಳಾದ್ದರಿಂದ (ಎರಡು ಎಣಿಕೆಯ ದ್ರುತ, ನಾಲ್ಕು ಎಣಿಕೆಯ ಲಘು) ಪ್ರತಿ ಬಾರ್‌ನ ಅಳತೆ ತಿಳಿಸುವ ಟೈಮ್ ಸಿಗ್ನೇಚರನ್ನು 6/8 ಎಂದು ಇಟ್ಟು, ಅಕ್ಷರಕ್ಕೊಂದು ಕ್ವೇವರ್‌ನಂತೆ ಸ್ವರಗಳನ್ನು ಹಾಕಿ, ಅಲ್ಪವಿರಾಮ ಇರುವಲ್ಲೆಲ್ಲ ಕ್ವೇವರ್ ರೆಸ್ಟ್ (ಮೌನದ ಚಿಹ್ನೆ) ಹಾಕಿದ್ದೇನೆ. ನುಡಿಸಿ ಕೇಳಿದರೆ ಪಂಚಮ ಬಿಕ್ಕಳಿಸಿದಂತೆ ತುಂಡುತುಂಡಾಗಿ ಕೇಳುತ್ತದೆ. ನೋಟದಲ್ಲಿಯೂ ‘ಗ ಗ ಪ’ ಮೂರೂ ಒಂದೇ ಬೀಮ್‌ನಡಿ (ಸ್ವರಗಳನ್ನು ಜೋಡಿಸುವ ಅಡ್ಡಪಟ್ಟಿ) ಸೇರಿಕೊಂಡು, ದ್ರುತ ಎಲ್ಲಿ ಮುಗಿಯಿತು, ಲಘು ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯುವುದಿಲ್ಲ. ರೆಸ್ಟನ್ನು ಆಯ್ದು ಡಿಲೀಟ್ ಒತ್ತಿದರೆ ಅದು ಅಲ್ಲಿಯೇ ಇರುತ್ತದೆ. ಕಂಟ್ರೋಲ್ ಮತ್ತು ಡಿಲೀಟ್ ಕೂಡಿಸಿ ಒತ್ತಿದರೆ ಬಾರ್ ಚಿಕ್ಕದಾಗಿ, ಮೇಲೆ ಮೂಲೆಯಲ್ಲಿ ಸಣ್ಣ ಮೈನಸ್ ಚಿಹ್ನೆ ಕಾಣಿಸಿಕೊಳ್ಳುತ್ತದೆ.

ಇದಲ್ಲದೆ, ಎರಡನೇ ವಯೊಲಿನ್‌ಗಾಗಿ ಲಘುವಿನ ಭಾಗದಲ್ಲಿ ಮಾತ್ರ ಆಧಾರ ಷಡ್ಜವನ್ನು ಅದೇ ಸ್ಟಾಫ್‌ನಲ್ಲಿ ಸೇರಿಸಿದಾಗ, ದ್ರುತದ ಕೆಳಗೆ ಗೆರೆಗಳಿಂದ ಹೊರಗೆ ಒಂದು ರೆಸ್ಟ್ ತೇಲುತ್ತಿರುತ್ತದೆ. ಇವನ್ನೆಲ್ಲ ಸರಿಪಡಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಎರಡನೇಕಾಲ

ನಮಸ್ಕಾರ. ರೆಸ್ಟ್‌ಗಳನ್ನು ಅಳಿಸುವ ಉಪಾಯ ಹುಡುಕುವ ಮೊದಲು, ಅವು ಅಲ್ಲಿ ಇರಬೇಕೇ ಎಂಬುದನ್ನು ನೋಡೋಣ. ನಮ್ಮ ಸ್ವರಲಿಪಿಯ ಅಲ್ಪವಿರಾಮ ಮೌನವನ್ನು ಸೂಚಿಸುವುದಿಲ್ಲ. ಹಿಂದಿನ ಸ್ವರವನ್ನು ಇನ್ನೊಂದು ಅಕ್ಷರಕಾಲ ಹಿಡಿದು ನಿಲ್ಲಿಸಬೇಕೆಂದು ಹೇಳುತ್ತದೆ. ಕೆಲವು ಕನ್ನಡ ಪುಸ್ತಕಗಳಲ್ಲಿ ಇದೇ ಜಾಗವನ್ನು ‘ಪಾ ಪಾ’ ಎಂದು ದೀರ್ಘವಾಗಿ ಮುದ್ರಿಸಿರುವುದನ್ನು ನೀವೂ ನೋಡಿರುತ್ತೀರಿ. ಸ್ಟಾಫ್ ನೊಟೇಶನ್‌ನ ರೆಸ್ಟ್ ಅದಕ್ಕೆ ತದ್ವಿರುದ್ಧ: ಅಲ್ಲಿ ಕಮಾನು ನಿಲ್ಲಬೇಕು, ಶಬ್ದ ಇರಬಾರದು. ಆದ್ದರಿಂದ ‘ಪ ,’ ಎಂಬುದು ಒಂದು ಕ್ವೇವರ್ ಮತ್ತು ಒಂದು ರೆಸ್ಟ್ ಆಗದೆ, ಒಂದೇ ಕ್ರಾಚೆಟ್ (ಎರಡು ಕ್ವೇವರ್‌ಗಳ ಕಾಲ) ಆಗಬೇಕು. ಅರ್ಧವಿರಾಮ ಚಿಹ್ನೆ ಬಂದರೆ ಎರಡು ಅಕ್ಷರಕಾಲ ಎಂಬ ಲೆಕ್ಕವೂ ಹೀಗೆಯೇ ಹಿಂದಿನ ಸ್ವರಕ್ಕೆ ಸೇರುತ್ತದೆ. ಹಿಡಿದ ಸ್ವರ ಬಾರ್ ಗೆರೆಯನ್ನು ದಾಟಿ ಹೋದರೆ, ಮುಂದಿನ ಬಾರ್‌ನಲ್ಲಿ ಅದೇ ಸ್ವರವನ್ನು ಮತ್ತೆ ಬರೆದು ಎರಡನ್ನೂ ಒಂದೇ ಸ್ವರವಾಗಿ ಕೂಡಿಸುವ ಟೈ ಗೆರೆ ಹಾಕಬೇಕು.

ತಿದ್ದುವುದು ಸುಲಭ. ನೋಟ್ ಇನ್‌ಪುಟ್‌ನಿಂದ ಹೊರಬಂದು, ಮೊದಲ ಪಂಚಮವನ್ನು ಕ್ಲಿಕ್ ಮಾಡಿ 5ರ ಕೀಲಿಯನ್ನು ಒತ್ತಿದರೆ ಅದು ಕ್ರಾಚೆಟ್ ಆಗುತ್ತದೆ. ಅದರ ಮುಂದಿದ್ದ ರೆಸ್ಟ್‌ನ ಕಾಲವನ್ನು ಈ ಸ್ವರವೇ ತೆಗೆದುಕೊಳ್ಳುವುದರಿಂದ ರೆಸ್ಟ್ ತಾನಾಗಿಯೇ ಹೋಗುತ್ತದೆ. ಎರಡನೇ ಪಂಚಮಕ್ಕೂ ಹಾಗೆಯೇ ಮಾಡಿ.

ಡಿಲೀಟ್ ಒತ್ತಿದಾಗ ಏನೂ ಆಗದಿರುವುದಕ್ಕೆ ಕಾರಣವಿದೆ. ಈ ತಂತ್ರಾಂಶದಲ್ಲಿ ಬಾರ್‌ನ ಕಾಲ ಯಾವಾಗಲೂ ಭರ್ತಿಯಾಗಿರಬೇಕು. ಸ್ವರವನ್ನು ಅಳಿಸಿದರೆ ಆ ಜಾಗಕ್ಕೆ ಅಷ್ಟೇ ಕಾಲದ ರೆಸ್ಟ್ ಬಂದು ಕೂರುತ್ತದೆ, ಒಂದನೇ ವಾಯ್ಸ್‌ನ (ಒಂದೇ ಸ್ಟಾಫ್‌ನಲ್ಲಿ ಬರೆಯುವ ಸ್ವತಂತ್ರ ಸ್ವರಸಾಲುಗಳಲ್ಲಿ ಮೊದಲನೆಯದರ) ರೆಸ್ಟನ್ನು ಅಳಿಸಲು ಬರುವುದೇ ಇಲ್ಲ. ಕಂಟ್ರೋಲ್ ಜೊತೆ ಡಿಲೀಟ್ ಒತ್ತಿದರೆ ರೆಸ್ಟ್ ಮಾತ್ರವಲ್ಲದೆ ಅದರ ಕಾಲವೂ ಕತ್ತರಿಸಿ ಹೋಗುತ್ತದೆ; ನಿಮಗೆ ಕಂಡ ಮೈನಸ್ ಚಿಹ್ನೆ ಬಾರ್ ತನ್ನ ಅಳತೆಗಿಂತ ಚಿಕ್ಕದಾಗಿದೆ ಎಂಬ ಸೂಚನೆ. ಅಂಥ ಬಾರ್‌ಗಳನ್ನು ಅನ್‌ಡೂ ಮಾಡಿಯೇ ಹಿಂದಕ್ಕೆ ತರುವುದು ಕ್ಷೇಮ, ಇಲ್ಲವಾದರೆ ಒಂದು ಆವರ್ತನ ಐದೇ ಅಕ್ಷರಕ್ಕೆ ಮುಗಿದುಹೋಗುತ್ತದೆ.

ಇನ್ನು ಟೈಮ್ ಸಿಗ್ನೇಚರ್. 6/8 ಎಂದರೆ ಮೂರು ಮೂರು ಕ್ವೇವರ್‌ಗಳ ಎರಡು ಗುಂಪು. ರೂಪಕದ ದ್ರುತ ಮತ್ತು ಲಘು ಎರಡು ಮತ್ತು ನಾಲ್ಕು ಅಕ್ಷರಗಳಾದ್ದರಿಂದ ಆ ವಿಭಜನೆ ಎಂದಿಗೂ ಹೊಂದುವುದಿಲ್ಲ; ನಿಮ್ಮ ‘ಗ ಗ ಪ’ ಒಂದೇ ಬೀಮ್‌ನಡಿ ಸೇರಿದ್ದು ಇದರಿಂದಲೇ. 3/4 ಇಡಿ. ಅಲ್ಲಿಯೂ ಒಟ್ಟು ಆರು ಕ್ವೇವರ್‌ಗಳೇ ಇರುವುದರಿಂದ ಬಾರ್‌ಗಳು ಸರಿಯುವುದಿಲ್ಲ, ಆದರೆ ಗುಂಪು ಎರಡೆರಡರದ್ದಾಗುತ್ತದೆ. ಮೊದಲ ಆವರ್ತನ ಆಗ ಜೋಡಿ ಕ್ವೇವರ್, ಕ್ರಾಚೆಟ್, ಕ್ರಾಚೆಟ್ ಎಂದು ಚೊಕ್ಕವಾಗಿ ಕಾಣುತ್ತದೆ. ಆರೂ ಅಕ್ಷರಗಳಿಗೆ ಬಿಡಿ ಸ್ವರಗಳಿರುವ ಆವರ್ತನಗಳಲ್ಲಿ ಬೀಮ್ ಉದ್ದವಾಗಿ ಎಳೆದುಕೊಂಡರೆ, ಟೈಮ್ ಸಿಗ್ನೇಚರ್‌ನ ಪ್ರಾಪರ್ಟೀಸ್‌ನಲ್ಲಿ ಬೀಮ್ ಗುಂಪುಗಳನ್ನು ಎರಡು ಮತ್ತು ನಾಲ್ಕಾಗಿ ಒಡೆದಿಡಬಹುದು.

ಟೂಲ್ಸ್ ಮೆನುವಿನಲ್ಲಿರುವ ‘ರಿಗ್ರೂಪ್ ರಿದಮ್ಸ್’ ಎಂಬ ಆಯ್ಕೆಯನ್ನು ಯಾರಾದರೂ ಸೂಚಿಸಬಹುದು. ಅದು ಇರುವ ಸ್ವರ ಮತ್ತು ರೆಸ್ಟ್‌ಗಳನ್ನು ತಾಳಕ್ಕೆ ತಕ್ಕಂತೆ ಮರುಗುಂಪು ಮಾಡುತ್ತದೆಯೇ ಹೊರತು, ರೆಸ್ಟ್ ಇದ್ದಲ್ಲಿ ಸ್ವರವನ್ನು ಹಿಡಿಯಬೇಕಿತ್ತು ಎಂಬುದು ಅದಕ್ಕೆ ಹೇಗೆ ತಿಳಿಯಬೇಕು?

ಉತ್ತರ: ನಾಲ್ಕುತಂತಿ

ಮೇಲಿನ ಉತ್ತರ ಸರಿಯಾಗಿದೆ. ತೇಲುವ ರೆಸ್ಟ್ ಬಗ್ಗೆ ಮಾತ್ರ ನಾನು ಬರೆಯುತ್ತೇನೆ.

ಮ್ಯೂಸ್‌ಸ್ಕೋರ್‌ನಲ್ಲಿ ಒಂದು ಸ್ಟಾಫ್‌ಗೆ ನಾಲ್ಕು ವಾಯ್ಸ್‌ಗಳಿವೆ. ಸ್ವರವನ್ನು ಆಯ್ದಾಗ ಅದು ನೀಲಿಯಾದರೆ ಒಂದನೇ ವಾಯ್ಸ್, ಹಸಿರಾದರೆ ಎರಡನೇದು. ಎರಡನೇ ವಾಯ್ಸ್‌ನಲ್ಲಿ ಒಂದೇ ಒಂದು ಸ್ವರ ಬರೆದರೂ ಆ ಬಾರ್‌ನ ಉಳಿದ ಕಾಲಕ್ಕೆ ಅದೇ ವಾಯ್ಸ್‌ನ ರೆಸ್ಟ್‌ಗಳು ತುಂಬಿಕೊಳ್ಳುತ್ತವೆ, ಮೇಲಿನ ಸ್ವರಗಳಿಗೆ ತಗಲದಂತೆ ಕೆಳಕ್ಕೆ ಸರಿದು ನಿಲ್ಲುತ್ತವೆ. ನಿಮ್ಮ ಷಡ್ಜ ಲಘುವಿನಲ್ಲಿ ಮಿನಿಮ್ (ಎರಡು ಕ್ರಾಚೆಟ್‌ಗಳ ಕಾಲ) ಆಗಿ ಬಂದಿದ್ದರೆ, ದ್ರುತದ ಕೆಳಗೆ ಕಂಡದ್ದು ಎರಡನೇ ವಾಯ್ಸ್‌ನ ಕ್ರಾಚೆಟ್ ರೆಸ್ಟ್. ಇದನ್ನು ಡಿಲೀಟ್ ಒತ್ತಿ ಅಳಿಸಬಹುದು. ಅಳಿಸುವ ಬದಲು ಆಯ್ದು ‘ವಿ’ ಕೀಲಿ ಒತ್ತಿ ಮರೆಮಾಡುವುದು ನನಗೆ ಹೆಚ್ಚು ಇಷ್ಟ. ಪರದೆಯ ಮೇಲೆ ಬೂದು ಬಣ್ಣದಲ್ಲಿ ಉಳಿದು, ಮುದ್ರಣದಲ್ಲಿ ಕಾಣುವುದಿಲ್ಲ, ಬೇಕಾದಾಗ ಅದೇ ಕೀಲಿಯಿಂದ ಮರಳಿ ಬರುತ್ತದೆ. ಜಾಗ ಮಾತ್ರ ಬದಲಿಸಬೇಕಿದ್ದರೆ ಮೌಸ್‌ನಿಂದ ಎಳೆದು, ಸರಿಯೆನಿಸದಿದ್ದರೆ ಕಂಟ್ರೋಲ್ ಮತ್ತು ‘ಆರ್’ ಒತ್ತಿ ಮೊದಲಿನ ಸ್ಥಾನಕ್ಕೆ ತರಬಹುದು.

ಆದರೆ ನಿಮ್ಮ ಸಂದರ್ಭದಲ್ಲಿ ಮರೆಮಾಡುವುದೇ ತಪ್ಪು ಎಂದು ನನ್ನ ಅಭಿಪ್ರಾಯ. ಒಬ್ಬರೇ ಎರಡೂ ಸ್ವರಗಳನ್ನು ನುಡಿಸುವುದಾದರೆ ರೆಸ್ಟ್ ಇಲ್ಲದಿದ್ದರೂ ನಡೆಯುತ್ತದೆ. ಇಲ್ಲಿ ಎರಡನೇ ವಯೊಲಿನ್ ಹಿಡಿದ ಮಗುವಿಗೆ, ದ್ರುತದ ಎರಡು ಅಕ್ಷರ ಸುಮ್ಮನಿದ್ದು ಲಘುವಿಗೆ ಕಮಾನು ಹಾಕಬೇಕು ಎಂದು ತಿಳಿಸುವುದು ಆ ರೆಸ್ಟ್ ಒಂದೇ. ಇದು ಅಲ್ಪವಿರಾಮದಂಥದ್ದಲ್ಲ, ನಿಜವಾದ ಮೌನ. ಸಾಧ್ಯವಾದರೆ ಎರಡನೇ ವಯೊಲಿನ್‌ಗೆ ಪ್ರತ್ಯೇಕ ಸ್ಟಾಫ್ ಕೊಡಿ, ಆಗ ರೆಸ್ಟ್ ತನ್ನ ಸಹಜ ಜಾಗಕ್ಕೆ ಬಂದು ಕೂರುತ್ತದೆ. ಆ ಸ್ಟಾಫ್‌ನಲ್ಲಿ ಪೂರ್ತಿ ಖಾಲಿಯಾದ ಬಾರ್‌ಗೆ ಬಿಡಿಬಿಡಿಯಾಗಿ ರೆಸ್ಟ್ ಬರೆಯದೆ, ಬಾರನ್ನೇ ಆಯ್ದು ಡಿಲೀಟ್ ಒತ್ತಿದರೆ ನಡುವಿನಲ್ಲಿ ಒಂದೇ ಪೂರ್ಣ ರೆಸ್ಟ್ ನಿಲ್ಲುತ್ತದೆ. ಅದು ಸೆಮಿಬ್ರೀವ್ (ನಾಲ್ಕು ಕ್ರಾಚೆಟ್‌ಗಳ) ರೆಸ್ಟ್‌ನ ಆಕಾರದಲ್ಲಿದ್ದರೂ 3/4ರಲ್ಲಿ ಮೂರು ಕ್ರಾಚೆಟ್‌ಗಳಷ್ಟೇ ಕಾಲ. ಮಕ್ಕಳು ನಾಲ್ಕೆಂದು ಎಣಿಸದಂತೆ ಒಮ್ಮೆ ಹೇಳಿಬಿಡಿ.

ಮಂದ್ರಪಂಚಮ

ಇಬ್ಬರಿಗೂ ಧನ್ಯವಾದಗಳು. 3/4ಕ್ಕೆ ಬದಲಿಸಿ ಕ್ರಾಚೆಟ್ ಮಾಡಿದ ಮೇಲೆ ಗೀತೆ ಸರಿಯಾಗಿ ಕೇಳಿಸುತ್ತಿದೆ, ಎರಡನೇ ವಯೊಲಿನ್‌ಗೆ ಬೇರೆ ಸ್ಟಾಫ್ ಇಟ್ಟಿದ್ದೇನೆ. ಮುಂದೆ ಆದಿತಾಳದಲ್ಲಿ ಒಂದೂವರೆ ಅಕ್ಷರ ಬಿಟ್ಟು ಎಡುಪು (ಹಾಡು ಆರಂಭವಾಗುವ ಜಾಗ) ಇರುವ ಕೃತಿಯನ್ನು ಬರೆಯಬೇಕಾಗಿದೆ. ಮೊದಲ ಬಾರ್‌ನಲ್ಲಿ ರೆಸ್ಟ್ ಬರೆಯಬೇಕೇ, ಅಥವಾ ಪಾಶ್ಚಾತ್ಯರು ಮಾಡುವಂತೆ ಚಿಕ್ಕ ಬಾರ್‌ನಿಂದ ಆರಂಭಿಸಬೇಕೇ?

ಉತ್ತರ: ಕೀಬೋರ್ಡ್ ಗೆಳೆಯ

ಆ ಚಿಕ್ಕ ಬಾರನ್ನೇ, ಅಂದರೆ ಪಿಕಪ್ ಮೆಷರ್ ಬಳಸಿ. ಹೊಸ ಸ್ಕೋರ್ ತೆರೆಯುವಾಗಲೇ ಅದರ ಆಯ್ಕೆ ಇರುತ್ತದೆ. ಆಗ ಆರಂಭದಲ್ಲಿ ಅನಗತ್ಯ ರೆಸ್ಟ್‌ಗಳಿಲ್ಲದೆ ಪುಟ ಶುಭ್ರವಾಗಿ ಕಾಣುತ್ತದೆ.

ಉತ್ತರ: ಎರಡನೇಕಾಲ

ಇದನ್ನು ನಾನು ಒಪ್ಪುವುದಿಲ್ಲ. ಪಿಕಪ್ ಎಂದರೆ ಮೊದಲ ಪೂರ್ಣ ಬಾರ್‌ಗಿಂತ ಮುಂಚೆಯೇ ಹಾಡು ಆರಂಭವಾಗುವುದು, ಅಂದರೆ ನಮ್ಮ ಅತೀತ ಎಡುಪು. ಕೇಳಿರುವುದು ಅನಾಗತ: ತಾಳ ಮೊದಲು ಬಿದ್ದು, ಒಂದೂವರೆ ಅಕ್ಷರ ಕಳೆದ ಮೇಲೆ ಸಾಹಿತ್ಯ ಬರುತ್ತದೆ. ಅಲ್ಲಿ ಸಮದ (ಆವರ್ತನದ ಮೊದಲ) ಪೆಟ್ಟು ಮೌನದ ಮೇಲೆಯೇ ಬೀಳುವುದರಿಂದ ಆ ಮೌನವನ್ನು ಬರೆದೇ ತೋರಿಸಬೇಕು. ಅಕ್ಷರಕ್ಕೊಂದು ಕ್ರಾಚೆಟ್ ಇಟ್ಟು, ಆದಿತಾಳದ ಎಂಟು ಅಕ್ಷರಗಳನ್ನು ಎರಡು 4/4 ಬಾರ್‌ಗಳಾಗಿ ಬರೆದರೆ ಲಘುವಿಗೆ ಒಂದು ಬಾರ್, ಎರಡು ದ್ರುತಗಳಿಗೆ ಇನ್ನೊಂದು ಎಂದು ಸರಿಹೋಗುತ್ತದೆ. ಮೊದಲ ಬಾರ್‌ನ ಆರಂಭದಲ್ಲಿ ಒಂದು ಕ್ರಾಚೆಟ್ ರೆಸ್ಟ್, ಅನಂತರ ಒಂದು ಕ್ವೇವರ್ ರೆಸ್ಟ್ ಹಾಕಿ. ರೆಸ್ಟ್ ಹಾಕಲು 0 ಕೀಲಿ ಒತ್ತಿದರೆ ಸಾಕು. ಎರಡನ್ನೂ ಕೂಡಿಸಿ ಚುಕ್ಕೆಯಿಟ್ಟ ಕ್ರಾಚೆಟ್ ರೆಸ್ಟ್ ಮಾಡಬೇಡಿ; ಬಿಡಿಯಾಗಿದ್ದರೆ ಎರಡನೇ ಅಕ್ಷರ ಎಲ್ಲಿ ಬಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಪಲ್ಲವಿಗೆ ಮರಳುವಾಗ ಆ ಒಂದೂವರೆ ಅಕ್ಷರದಲ್ಲಿ ಹಿಂದಿನ ಸಾಲಿನ ಕೊನೆಯ ಸ್ವರ ಹಿಡಿದು ನಿಂತಿರುತ್ತದೆಯಾದ್ದರಿಂದ, ಪುನರಾವರ್ತನೆಯ ಗೆರೆಯನ್ನು ಈ ರೆಸ್ಟ್‌ಗಳಿರುವ ಬಾರ್‌ಗೇ ಹಿಂದಿರುಗಿಸದೆ, ಆ ಆವರ್ತನವನ್ನು ಇನ್ನೊಮ್ಮೆ ಟೈ ಸಮೇತ ಬರೆದುಬಿಡಿ.