ಬೆಳ್ಳಕ್ಕಿಗಳ ಗೂಡಿನ ಕೆಳಗೆ ಆಲಿಗೇಟರ್: ಎಷ್ಟು ದೂರ ನಿಲ್ಲಬೇಕು?

ಪ್ರಶ್ನೆ:
ಬರುವ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ಗೂಡು ಕಟ್ಟುವ ಹಕ್ಕಿಗಳ ಚಿತ್ರ ತೆಗೆಯಬೇಕೆಂದಿದ್ದೇನೆ. ಅಲ್ಲಿ ಬೆಳ್ಳಕ್ಕಿಗಳೂ ಕೊಕ್ಕರೆಗಳೂ ಮೊಸಳೆಯ ಬಳಗದ ಆಲಿಗೇಟರ್‌ಗಳಿರುವ ನೀರಿನ ಮೇಲಿನ ಮರಗಳನ್ನೇ ಆರಿಸಿಕೊಳ್ಳುತ್ತವೆಯಂತೆ. ಮರಿಗಳನ್ನು ತಿನ್ನುವ ಪ್ರಾಣಿಯ ನೆತ್ತಿಯ ಮೇಲೆ ಅವು ಸಂಸಾರ ಹೂಡುವುದೇಕೆ? ಅಷ್ಟು ಶಾಂತವಾಗಿ ಮಲಗಿರುವ ಆಲಿಗೇಟರ್‌ನಿಂದ ನಾನು ಎಷ್ಟು ದೂರವಿರಬೇಕು?

ಉತ್ತರ 1:
ಆ ಹಕ್ಕಿಗಳಿಗೆ ಆಲಿಗೇಟರ್‌ಗಿಂತ ದೊಡ್ಡ ಭಯ ರಕೂನ್‌ನದು. ಈಜಲೂ ಮರ ಹತ್ತಲೂ ಬಲ್ಲ ಈ ಪ್ರಾಣಿ ನಡುಗಡ್ಡೆಯೊಂದಕ್ಕೆ ದಾಟಿತೆಂದರೆ, ಅಲ್ಲಿನ ಗೂಡುಗಳನ್ನೆಲ್ಲ ಬರಿದು ಮಾಡಬಲ್ಲದು. ನೀರಿನಲ್ಲಿ ಆಲಿಗೇಟರ್ ಇದ್ದರೆ ಆ ದಾಟುವಿಕೆಯೇ ಕಷ್ಟ. ಎತ್ತರದ ಗೂಡಾದರೋ ಆಲಿಗೇಟರ್‌ಗೆ ಎಟುಕದು. ಈ ಹಕ್ಕಿಗಳು ಸಾಕಬಲ್ಲುದಕ್ಕಿಂತ ಹೆಚ್ಚು ಮೊಟ್ಟೆಯಿಡುವುದರಿಂದ, ಮೇವು ಸಾಲದಾದಾಗ ದುರ್ಬಲ ಮರಿಗಳು ಉಳಿಯುವುದಿಲ್ಲ, ಮತ್ತು ಕೆಳಗೆ ಬಿದ್ದದ್ದು ಆಲಿಗೇಟರ್‌ನ ಪಾಲಾಗುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಡುಗಳ ಸಮೀಪದ ಆಲಿಗೇಟರ್‌ಗಳು ಬೇರೆಡೆಯವುಗಳಿಗಿಂತ ಮೈತುಂಬಿಕೊಂಡಿದ್ದವು. ನೀರು ಬತ್ತಿ ಆಲಿಗೇಟರ್ ಬೇರೆಡೆಗೆ ಸರಿದರೆ ಈ ಕಾವಲು ತಪ್ಪುತ್ತದೆ ಎಂಬುದು ನನ್ನನ್ನು ತುಂಬ ಕಾಡುವ ಸಂಗತಿ.

ಉತ್ತರ 2:
ದೂರದ ವಿಷಯ: ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನವು ಕನಿಷ್ಠ 15 ಅಡಿ ಎನ್ನುತ್ತದೆ; ನಾನು ಅದರ ಎರಡರಷ್ಟು ಇಟ್ಟುಕೊಳ್ಳಿ ಎನ್ನುತ್ತೇನೆ. ಕಣ್ಣು ಕ್ಯಾಮೆರಾದಲ್ಲಿ, ಗಮನ ಮರದ ತುದಿಯಲ್ಲಿ ಇದ್ದಾಗ ಕಾಲು ಎಲ್ಲಿದೆಯೆಂಬುದು ಮರೆತುಹೋಗುತ್ತದೆ, ಆದ್ದರಿಂದ ಮರದ ಹಲಗೆಯ ಕಾಲುದಾರಿಯನ್ನು ಬಿಟ್ಟು ದಡಕ್ಕೆ ಇಳಿಯಬೇಡಿ. ಆಲಿಗೇಟರ್ ಬಾಯಿ ತೆರೆದು ಬುಸುಗುಟ್ಟಿದರೆ ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ, ನಿಧಾನವಾಗಿ ಹಿಂದೆ ಸರಿಯಿರಿ. ಆಲಿಗೇಟರ್‌ನ ಅಂಗೈಯುದ್ದದ ಮರಿಗಳು ಕಂಡರೆ ತಾಯಿ ಸಮೀಪದಲ್ಲೇ ಇರುತ್ತದೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಅವು ಹೆಚ್ಚು ಚುರುಕಾಗಿರುವುದರಿಂದ ಆ ಹೊತ್ತಿನಲ್ಲಿ ನೀರಿನಂಚು ಬೇಡ. ಅವುಗಳಿಗೆ ಆಹಾರ ಹಾಕುವುದು ಫ್ಲಾರಿಡಾದಲ್ಲಿ ಅಪರಾಧ. ತುತ್ತಿನ ರುಚಿ ಕಂಡ ಆಲಿಗೇಟರ್ ಮನುಷ್ಯರ ಭಯ ಕಳೆದುಕೊಂಡು, ಕಡೆಗೆ ತಾನೇ ಕೊಲ್ಲಲ್ಪಡುವುದುಂಟು.

ಪ್ರಶ್ನೆ ಕೇಳಿದವರು:
ಕಣ್ಣೆದುರೇ ಮರಿಯೊಂದು ನೀರಿಗೆ ಬಿದ್ದರೆ?

ಉತ್ತರ 2:
ಮನಸ್ಸು ತಡೆಯದು, ನಿಜ. ಆದರೂ ಇಳಿಯಬೇಡಿ, ನೀವು ಬಾಗಿ ಕೈಚಾಚುವ ಜಾಗಕ್ಕೇ ಆಲಿಗೇಟರ್ ಕೂಡ ಬರುತ್ತಿರುತ್ತದೆ. ಗೂಡಿನಲ್ಲಿರುವ ಹಕ್ಕಿಗಳನ್ನೂ ಗಮನಿಸಿ. ನಿಮ್ಮನ್ನು ಕಂಡು ಅವು ಎದ್ದು ನಿಂತರೆ ಅಥವಾ ಹಾರಿಹೋದರೆ, ಆಲಿಗೇಟರ್ ಎಷ್ಟೇ ದೂರವಿದ್ದರೂ ನೀವು ಹಿಂದೆ ಸರಿಯಬೇಕು, ಏಕೆಂದರೆ ತಾಯಿಯಿಲ್ಲದ ಆ ಕೆಲವು ನಿಮಿಷಗಳಲ್ಲಿ ಬಿಸಿಲೂ ಕಾಗೆಯೂ ಮರಿಗಳನ್ನು ಬಿಡುವುದಿಲ್ಲ.