ಗಾಯವೇ ಇಲ್ಲದ ‘ಗಾಯಾಳು’: ಇದಕ್ಕೆ ಪದ ಯಾವುದು?

ಗೆಳೆಯರೇ, ನಮಸ್ಕಾರ.

ಬೇಸ್‌ಬಾಲ್ ಪಿಚರ್‌ಗಳ (ಚೆಂಡು ಎಸೆಯುವವರ) ಮೊಣಕೈ ತೊಂದರೆ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಇಂಜುರಿ’ ಎನ್ನುವ ಪದಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಪತ್ರಿಕೆಗಳು ‘ಗಾಯ’ ಎಂದು ಬರೆಯುತ್ತವೆ. ಆದರೆ ಇಲ್ಲಿ ಗಾಯ ಎಲ್ಲಿದೆ?

ಅಮೆರಿಕದ ಬೇಸ್‌ಬಾಲ್ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ (ವೇಗದ ಎಸೆತದ) ಸರಾಸರಿ ವೇಗ 2008ರಲ್ಲಿ ಗಂಟೆಗೆ ಸುಮಾರು 147 ಕಿ.ಮೀ. ಇತ್ತು. 2024ರಲ್ಲಿ 151 ದಾಟಿದೆ. ಪ್ರತಿ ಎಸೆತಕ್ಕೂ ಮೊಣಕೈ ಒಳಬದಿಯ ಲಿಗಮೆಂಟ್ (ಮೂಳೆಗೆ ಮೂಳೆ ಬಿಗಿದಿಡುವ ಪಟ್ಟಿ) ಜಗ್ಗುತ್ತದೆ. ಜಗ್ಗಿ ಜಗ್ಗಿ ಬಲ ಕಳೆದುಕೊಂಡು, ಒಂದು ದಿನ ಹರಿಯುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ಎಡಗೈ ಪಿಚರ್‌ಗೆ ಹೀಗೇ ಆಗಿತ್ತು. ಡಾ. ಫ್ರಾಂಕ್ ಜೋಬ್ ಎಂಬ ಸರ್ಜನ್, ಜಾನ್ ಅವರದೇ ಬಲಗೈಯಿಂದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಎಡ ಮೊಣಕೈಗೆ ಕಟ್ಟಿದರು. 1976ರಲ್ಲಿ ಮತ್ತೆ ಆಟಕ್ಕಿಳಿದ ಜಾನ್ 1989ರವರೆಗೂ ಆಡಿದರು. ಆ ಆಪರೇಷನ್‌ಗೆ ಇವತ್ತಿಗೂ ಅವರದೇ ಹೆಸರು.

ಅಲ್ಲಿಯವರೂ ಪದ ಬದಲಿಸಿಕೊಂಡಿದ್ದಾರೆ. ಹೊರಗೆ ಕೂತ ಆಟಗಾರರ ‘ಡಿಸೇಬಲ್ಡ್ ಲಿಸ್ಟ್’ 2019ರಿಂದ ‘ಇಂಜೂರ್ಡ್ ಲಿಸ್ಟ್’ ಆಗಿದೆ. ಅದನ್ನು ‘ಗಾಯಾಳುಗಳ ಪಟ್ಟಿ’ ಎಂದು ಬರೆಯಲು ನನ್ನ ಕೈ ಬರುತ್ತಿಲ್ಲ.

ಕಾರಣ ಹೇಳುತ್ತೇನೆ. ಇಲ್ಲೇ ದಾವಣಗೆರೆಯಲ್ಲಿ ನಮ್ಮ ಅಕ್ಕನ ಮಗ, ಹದಿನೈದು ವರ್ಷ, ಫಾಸ್ಟ್ ಬೌಲಿಂಗ್ ಮಾಡುತ್ತಾನೆ. ಭುಜ ನೋವು ಅಂದ. ತರಬೇತಿ ಕೊಡುವವರು ನೋಡಿ, “ಗಾಯ ಏನೂ ಕಾಣಲ್ಲಪ್ಪ, ಇನ್ನೆರಡು ಓವರ್ ಹಾಕು” ಅಂದರು. ಮರುದಿನ ಬೆಳಿಗ್ಗೆ ಅವನಿಗೆ ತಲೆ ಬಾಚಿಕೊಳ್ಳಲು ಕೈ ಮೇಲೆ ಏಳಲಿಲ್ಲ. ಅಕ್ಕ ಬಾಚಿ ಸ್ಕೂಲಿಗೆ ಕಳಿಸಿದಳು. ಸರಿಯಾದ ಪದ ಇದ್ದಿದ್ದರೆ ಅವತ್ತೇ ನಿಲ್ಲಿಸುತ್ತಿದ್ದರೇನೋ. ಅಮೆರಿಕದಲ್ಲಿ ಈ ವಯಸ್ಸಿನ ಪಿಚರ್‌ಗಳಿಗೆ ದಿನಕ್ಕೆ 95 ಎಸೆತ ಮೀರಬಾರದು ಎಂಬ ಸೂಚನೆಯೇ ಇದೆ.

‘ಪೆಟ್ಟು’ ಅಂದರೆ ಹೊರಗಿನಿಂದ ಬಿದ್ದದ್ದು. ‘ಉಳುಕು’ ಒಂದು ಕ್ಷಣದಲ್ಲಿ ಆಗುವಂಥದ್ದು. ‘ದಣಿವು’ ಒಂದು ರಾತ್ರಿ ಮಲಗಿದರೆ ಹೋಗುತ್ತದೆ. ‘ಸವೆತ’ ಅರ್ಥಕ್ಕೆ ಹತ್ತಿರವಿದೆ, ಆದರೆ ವಯಸ್ಸಾದವರ ಮಂಡಿ ನೆನಪಾಗುತ್ತದೆ, ಅಲ್ವಾ?

ನನಗೆ ಹಿಡಿಸಿದ್ದು ನಮ್ಮೂರಿನದೇ ಮಾತು. ಮಂಡಕ್ಕಿ ಭಟ್ಟಿಯ ಮುಂದೆ ನಿಂತು ಅಕ್ಕಿ ಹುರಿಯುವವರು “ರಟ್ಟೆ ಸೋತೈತಿ” ಅನ್ನುತ್ತಾರೆ. ಬಿದ್ದಿಲ್ಲ, ಯಾರೂ ಹೊಡೆದಿಲ್ಲ. ಮಾಡಿದ್ದನ್ನೇ ಮಾಡಿ ಮಾಡಿ ಕೈ ಸೋತಿದೆ. ಪಿಚರ್ ಕಥೆಯೂ ಅದೇ. ತೊಡಕು ಒಂದೇ: ಆಟದ ಬರಹದಲ್ಲಿ ‘ಸೋತ’ ಅಂದ ಕೂಡಲೇ ಓದುಗರು ಪಂದ್ಯ ಸೋತ ಅಂದುಕೊಳ್ಳುತ್ತಾರೆ. ‘ರಟ್ಟೆ ಸೋತ ಪಿಚರ್’ ಅಂದರೆ ಗೊಂದಲ ಇಲ್ಲ. ಆದರೆ ‘ಇಂಜುರಿಗಳು ಜಾಸ್ತಿಯಾಗುತ್ತಿವೆ’ ಎಂಬಲ್ಲಿ ‘ಸೋಲುಗಳು’ ಎಂದು ಬರೆಯಲಾಗದು. ಅಲ್ಲಿಗೆ ‘ಕೈಸೋಲು’ ಎಂಬ ಜೋಡುಪದ ನಡೆದೀತೇ?

ಗರಡಿ ಮನೆಯವರು, ನೇಕಾರರು, ಟೈಲರ್‌ಗಳು ಇದಕ್ಕೆ ಏನನ್ನುತ್ತಾರೆ? ನಿಮ್ಮ ಕಡೆಯ ಮಾತು ಗೊತ್ತಿದ್ದರೆ, ಯಾವ ಊರಿನದು ಅನ್ನುವುದನ್ನೂ ಸೇರಿಸಿ ದಯವಿಟ್ಟು ಬರೆಯಿರಿ.